ತಿರುವಿನಲ್ಲಿ ಕಾಲು ಎತ್ತಬೇಡ ಮಗಳೇ

ತುಮಕೂರು
ಭಾನುವಾರ

ಚಿ. ಸಿಂಚನಾಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಮನೆಯ ಸಮಾಚಾರವನ್ನೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ.

ನಿನ್ನ ಕಾಗದ ಓದಿದೆ. ನೀನು ಕೊಂಡ ಹಳೇ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರಿನ ಬಣ್ಣ, ಬಟ್ಟೆಯ ಹುಡ್ ಮಡಚಿ ಗಾಳಿಗೆ ಹೋದದ್ದು, ಪೆಟ್ರೋಲ್ ಬಂಕಿನಲ್ಲಿ ವಯಸ್ಸಾದವರು ನಿಂತು ಮಾತಾಡಿಸಿದ್ದು, ಎಲ್ಲವೂ ಸಂತೋಷದ ವಿಷಯ. ಆದರೆ ಕೊನೆಯಲ್ಲಿ ಒಂದು ಮಾತು ಬರೆದಿದ್ದೀಯಲ್ಲ, ಅಲ್ಲಿಗೇ ನನ್ನ ಮನಸ್ಸು ಸಿಕ್ಕಿಕೊಂಡಿದೆ. ಇಂಗ್ಲೆಂಡಿನ ನಿಮ್ಮ ಡರ್ಬಿಯಿಂದಾಚೆ ಗುಡ್ಡದ ರಸ್ತೆಯಲ್ಲಿ, ಇಳಿಜಾರಿನ ತಿರುವಿನಲ್ಲಿ ಸ್ಪೀಡು ಹೆಚ್ಚಾಯಿತು ಅನ್ನಿಸಿ ಎಕ್ಸಲರೇಟರಿನಿಂದ ಕಾಲು ತೆಗೆದೆ, ಹಿಂದಿನಿಂದ ಯಾರೋ ಕಾರನ್ನು ಎತ್ತಿ ಪಕ್ಕಕ್ಕೆ ತಳ್ಳಿದ ಹಾಗಾಯಿತು ಅಂತ. ಅದರ ಕೆಳಗೇ, ‘ನನಗೆ ಈ ಕಾರಿನ ಯೋಗ್ಯತೆ ಇಲ್ಲವೇನೋ, ಮಾರಿಬಿಡಲಾ ಮಾವ’ ಅಂತ.

ಮಾರುವುದು ಬಿಡುವುದು ಆಮೇಲಿನ ಮಾತು. ಈ ಕಾಗದದಲ್ಲಿ ಬೇರೇನೂ ತಲೆಗೆ ಹೋಗದಿದ್ದರೂ ಚಿಂತೆಯಿಲ್ಲ, ಒಂದನ್ನು ಮಾತ್ರ ಮರೆಯಬೇಡ. ತಿರುವಿನ ಮಧ್ಯದಲ್ಲಿ ಕಾಲು ಎತ್ತಬೇಡ. ಬ್ರೇಕನ್ನೂ ಒತ್ತಬೇಡ. ಭಯ ಆಗುವುದು ಸಹಜ, ಭಯವಾದಾಗ ಕಾಲು ತಾನಾಗಿಯೇ ಮೇಲೆ ಬರುವುದೂ ಸಹಜ. ಬೇರೆ ಕಾರಿನಲ್ಲಿ ಅದರಿಂದ ಬಚಾವಾಗುತ್ತೀಯ. ನಿನ್ನ ಕಾರಿನಲ್ಲಿ ಅಪಾಯ ಶುರುವಾಗುವುದೇ ಅಲ್ಲಿಂದ.

ನಿನ್ನದು 1968ರ ಟ್ರಯಂಫ್ ಸ್ಪಿಟ್‌ಫೈರ್, ಮಾರ್ಕ್ 3, ಅಂದರೆ ಆ ಕಾರಿನ ಮೂರನೇ ಆವೃತ್ತಿ. ಅದರ ಹಿಂದಿನ ಚಕ್ರ ಆಕ್ಸಲ್ ಶಾಫ್ಟಿಗೆ, ಅಂದರೆ ಚಕ್ರ ತಿರುಗಿಸುವ ಸರಳಿಗೆ, ಗಟ್ಟಿಯಾಗಿ ಕೂತಿದೆ. ಶಾಫ್ಟು ಮಡಚಿಕೊಳ್ಳುವ ಜಾಗ ಒಂದೇ, ಎರಡು ಹಿಂದಿನ ಚಕ್ರಗಳ ನಡುವೆ ಇರುವ ಗೇರುಗಳ ಪೆಟ್ಟಿಗೆ ಡಿಫರೆನ್ಷಿಯಲ್, ಅದರ ಪಕ್ಕದ ಕ್ರಾಸ್ ಜಾಯಿಂಟು. ಹಾಗಾಗಿ ಚಕ್ರ ನೆಟ್ಟಗೆ ಮೇಲೆ ಕೆಳಗೆ ಹೋಗುವುದಿಲ್ಲ, ಕೊಡೆಯ ಕಡ್ಡಿಯಂತೆ ಬಿಚ್ಚಿ ಮುಚ್ಚುತ್ತದೆ. ಕಾರಿನ ಹಿಂಭಾಗ ಕುಗ್ಗಿದರೆ ಚಕ್ರದ ಮೇಲ್ತುದಿ ಒಳಕ್ಕೆ ವಾಲುತ್ತದೆ, ಅದು ಒಳ್ಳೆಯದು. ಹಿಂಭಾಗ ಎದ್ದರೆ ಎರಡೂ ಚಕ್ರದ ಕೆಳತುದಿ ಕಾರಿನ ಅಡಿಗೆ ಸೇರಿಕೊಳ್ಳುತ್ತದೆ. ತಿರುವಿನಲ್ಲಿ ಕಾಲು ತೆಗೆದೆ ಅನ್ನು. ಭಾರ ಮುಂದಕ್ಕೆ ಹೋಗುತ್ತದೆ, ಹಿಂಭಾಗ ಏಳುತ್ತದೆ, ಹೊರಬದಿಯ ಚಕ್ರ ಅಡಿಗೆ ಮಡಚಿಕೊಳ್ಳುತ್ತದೆ, ಟಯರು ಅಂಚಿನ ಮೇಲೆ ನಿಲ್ಲುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ನೆಲ ಟಯರನ್ನು ಒಳಕ್ಕೆ ದಬ್ಬುವ ಬಲವೇ ಆ ಓರೆ ಶಾಫ್ಟಿನ ಮೂಲಕ ಡಿಫರೆನ್ಷಿಯಲನ್ನು ಇನ್ನಷ್ಟು ಮೇಲಕ್ಕೆ ಎತ್ತುತ್ತದೆ. ಎತ್ತಿದಷ್ಟೂ ಮಡಚುತ್ತದೆ, ಮಡಚಿದಷ್ಟೂ ಎತ್ತುತ್ತದೆ. ‘ಯಾರೋ ಎತ್ತಿದ ಹಾಗಾಯಿತು’ ಅಂತ ನೀನು ಬರೆದದ್ದು ಅಕ್ಷರಶಃ ನಿಜ. ಕಾರು ನಿಜವಾಗಿಯೂ ಎದ್ದಿತ್ತು.

ಯೋಗ್ಯತೆಯ ಮಾತು ಯಾಕೆ ಬಂತು ಇಲ್ಲಿ? ಪೋರ್ಷೆ 356, ಫೋಕ್ಸ್‌ವ್ಯಾಗನ್ ಬೀಟಲ್, ಮರ್ಸಿಡಿಸ್ 300 ಎಸ್‌ಎಲ್, ಇವೆಲ್ಲ ಇದೇ ಜಾತಿಯ ಆಕ್ಸಲ್ ಇದ್ದ ಕಾರುಗಳು. ದೊಡ್ಡ ದೊಡ್ಡ ಡ್ರೈವರುಗಳನ್ನೂ ತಿರುಗಿಸಿ ನಿಲ್ಲಿಸಿದ ಆಕ್ಸಲ್ ಇದು. ಅಮೆರಿಕದ ಷೆವರ್ಲೆ ಕಾರ್ವೇರ್ ಇದರಿಂದಲೇ ಕೆಟ್ಟ ಹೆಸರು ತೆಗೆದುಕೊಂಡು, 1965ರ ಮಾದರಿಗೆ ಹಿಂಭಾಗವನ್ನೇ ಬದಲಾಯಿಸಿಕೊಂಡಿತು. ನಿನ್ನ ಸ್ಪಿಟ್‌ಫೈರಿನ ಕಂಪನಿಯೂ 1970ರ ಮಾರ್ಕ್ 4ರಲ್ಲಿ ಪಟ್ಟಾ, ಅಂದರೆ ಉಕ್ಕಿನ ಎಲೆಗಳ ಸ್ಪ್ರಿಂಗ್, ಬದಲಾಯಿಸಿತು. ಅದನ್ನು ಮುಂದೆ ಬರೆಯುತ್ತೇನೆ. ಮಾಡಿದವರೇ ತಿದ್ದಿಕೊಂಡ ದೋಷವನ್ನು ನೀನು ನಿನ್ನ ಕೈಕಾಲಿನ ಮೇಲೆ ಹಾಕಿಕೊಳ್ಳಬೇಡ.

ನನಗೆ ಇದು ಗೊತ್ತಿರುವುದು ಸ್ಪಿಟ್‌ಫೈರಿನಿಂದಲ್ಲ. ಅದನ್ನು ಕಣ್ಣಾರೆ ಕಂಡವನಲ್ಲ ನಾನು, ಬಿಡಿಭಾಗಗಳ ಪುಸ್ತಕದಲ್ಲಿ ಚಿತ್ರ ನೋಡಿದ್ದಷ್ಟೇ. ಬಿ.ಎಚ್. ರಸ್ತೆಯ ಗ್ಯಾರೇಜಿಗೆ ಬರುತ್ತಿದ್ದದ್ದು ಅದರ ಅಕ್ಕ, ಸ್ಟ್ಯಾಂಡರ್ಡ್ ಹೆರಾಲ್ಡ್. ಮದ್ರಾಸಿನಲ್ಲಿ 1961ರಿಂದ ಮಾಡುತ್ತಿದ್ದರು. ಹಿಂದಿನ ಅಡ್ಡ ಪಟ್ಟಾ, ಶಾಫ್ಟು, ಮುಂದಿನ ಚಕ್ರ ತಿರುಗುವ ಟ್ರನಿಯನ್ ಅನ್ನುವ ಕೀಲು, ಇಡೀ ಮೂತಿ ಮುಂದಕ್ಕೆ ಮಗುಚುವ ಬಾನೆಟ್, ಎಲ್ಲ ಒಂದೇ ಕುಲ. ಡಾಕ್ಟರು, ಲಾಯರು, ತೋಟದವರು ಇಟ್ಟುಕೊಂಡಿದ್ದರು. ದೇವರಾಯನದುರ್ಗದಿಂದ ಇಳಿಯುವಾಗ ಹಿಂದಿನ ಚಕ್ರ ಒಳಕ್ಕೆ ಹೋಯಿತು ಅಂತ ದೂರು ತರುತ್ತಿದ್ದ ಹೆರಾಲ್ಡುಗಳಲ್ಲಿ ಹೆಚ್ಚಿನವು ಒಬ್ಬರೇ ಕೂತು ಓಡಿಸಿದ, ಡಿಕ್ಕಿ ಖಾಲಿಯಿದ್ದ ಗಾಡಿಗಳು. ನಾಲ್ಕು ಜನ ಕೂತರೆ ಆ ದೂರೇ ಇರುತ್ತಿರಲಿಲ್ಲ, ಭಾರಕ್ಕೆ ಹಿಂಭಾಗ ಕುಗ್ಗಿ ಚಕ್ರ ಸರಿಯಾಗಿ ಕೂರುತ್ತಿತ್ತು. ಕೊನೆಗೆ ಮದ್ರಾಸಿನವರು 1972ರ ಗಜೆಲ್ ಕಾರಿನಲ್ಲಿ ಈ ಸಹವಾಸವೇ ಬೇಡವೆಂದು ಒಂದೇ ಗಟ್ಟಿ ಆಕ್ಸಲ್ ಹಾಕಿದರು. ನಿನ್ನ ಕಾರು ಹೆರಾಲ್ಡಿಗಿಂತ ಗಿಡ್ಡ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಹೆರಾಲ್ಡು 91.5 ಇಂಚು, ಸ್ಪಿಟ್‌ಫೈರ್ 83. ಗಿಡ್ಡ ಕಾರು ಚುರುಕಾಗಿ ತಿರುಗುತ್ತದೆ, ಬಾಲ ಜಾರಿದರೆ ಅಷ್ಟೇ ಚುರುಕಾಗಿ ಗಿರ್ರೆಂದು ಸುತ್ತುತ್ತದೆ. ಅದಕ್ಕೇ ಹೇಳುವುದು, ಕಾಲು.

ಇನ್ನೊಂದು ಸಾಲನ್ನು ನೀನು ಏನೂ ಅಲ್ಲವೆಂಬಂತೆ ಬರೆದು ಮುಂದೆ ಹೋಗಿದ್ದೀಯ. ‘ಮಾರಿದವರು ಹಿಂದಕ್ಕೆ ಹೊಸ ಪಟ್ಟಾ ಹಾಕಿಸಿದ್ದಾರಂತೆ, ಒಳ್ಳೆಯದೇ ಆಯಿತು.’ ಒಳ್ಳೆಯದಾಯಿತೋ ಇಲ್ಲವೋ ನೋಡಿ ಹೇಳಬೇಕು ಕಣಮ್ಮ. ನನ್ನ ಅನುಮಾನವೆಲ್ಲ ಅದರ ಮೇಲೇ. ಹಳೇ ಪಟ್ಟಾ ಕುಗ್ಗಿರುತ್ತದೆ, ಚಕ್ರ ಒಳಕ್ಕೆ ವಾಲಿರುತ್ತದೆ. ಟಯರಿನ ಒಳ ಅಂಚು ಸವೆದರೂ ತಿರುವಿನಲ್ಲಿ ಕ್ಷೇಮ. ಹೊಸದು ಕಮಾನಾಗಿ ಎದ್ದು ನಿಂತಿರುತ್ತದೆ, ಕೆಲವು ತಯಾರಕರದು ಇರಬೇಕಾದ್ದಕ್ಕಿಂತ ಎತ್ತರ. ಅಂಥದ್ದನ್ನು ಹಾಕಿದರೆ ನಿಂತಲ್ಲೇ ಚಕ್ರದ ಕೆಳತುದಿ ಒಳಗಿರುತ್ತದೆ. ಅರ್ಧ ದಾರಿ ಮಡಚಿಕೊಂಡೇ ತಿರುವಿಗೆ ಹೋದ ಹಾಗೆ.

ನೋಡುವುದು ಕಷ್ಟವಿಲ್ಲ. ಸಮತಟ್ಟಾದ ಜಾಗದಲ್ಲಿ ಕಾರನ್ನು ಹತ್ತು ಹದಿನೈದು ಅಡಿ ಮುಂದಕ್ಕೆ, ಮತ್ತೆ ಹಿಂದಕ್ಕೆ ಉರುಳಿಸು. ಜಾಕಿಯಿಂದ ಇಳಿಸಿದ ಕೂಡಲೇ ನೋಡಿದರೆ ಲೆಕ್ಕ ತಪ್ಪುತ್ತದೆ, ಚಕ್ರ ಅಡಿಗೆ ಸೇರಿಕೊಂಡೇ ಇರುತ್ತದೆ, ಉರುಳಿದ ಮೇಲೇ ಹರಡಿಕೊಳ್ಳುವುದು. ಹಿಂದಿನ ಬಂಪರನ್ನು ಎರಡು ಸಲ ಒತ್ತಿ ಬಿಡು. ಎರಡು ಸೀಟಿನಲ್ಲೂ ಜನ ಕೂರಲಿ, ಟ್ಯಾಂಕ್ ಅರ್ಧಕ್ಕಿಂತ ಹೆಚ್ಚು ತುಂಬಿರಲಿ. ಆಮೇಲೆ ಒಂದು ದಾರಕ್ಕೆ ನಟ್ಟು ಕಟ್ಟಿ ಚಕ್ರದ ಪಕ್ಕ ಇಳಿಬಿಟ್ಟು, ರಿಮ್ಮಿನ ಮೇಲಂಚಿಗೂ ಕೆಳಂಚಿಗೂ ದಾರದಿಂದ ಎಷ್ಟೆಷ್ಟು ದೂರ ಅಂತ ಸ್ಕೇಲಿನಲ್ಲಿ ಅಳೆ. ಮೇಲಂಚು ದಾರದಿಂದ ಹೆಚ್ಚು ದೂರ ಇದ್ದರೆ ಚಕ್ರ ಒಳಕ್ಕೆ ವಾಲಿದೆ, ಸರಿ. ಕೆಳಂಚು ದೂರ ಇದ್ದರೆ ಆ ಕಾರನ್ನು ಗುಡ್ಡಕ್ಕೆ ಒಯ್ಯಬೇಡ, ಪಟ್ಟಾ ಸರಿಮಾಡಿಸುವ ತನಕ ಆಫೀಸಿಗೆ ಹೋಗಿ ಬರುವುದಕ್ಕಷ್ಟೇ ಇಟ್ಟುಕೋ. ಎರಡೂ ಕಡೆಯ ಚಕ್ರ ನೋಡಬೇಕು, ಒಂದು ಕಡೆ ಸರಿ ಅಂತ ಬಿಡಬಾರದು.

ಹಿಂದಿನ ಕಾಲದಲ್ಲಿ ಡಿಕ್ಕಿಯಲ್ಲಿ ಮರಳಿನ ಚೀಲ ಇಡುತ್ತಿದ್ದರು. ಹಿಂಭಾಗ ತಗ್ಗುತ್ತದೆ ನಿಜ, ಆದರೆ ಆಕ್ಸಲಿನ ಹಿಂದೆ ಭಾರ ಹೇರಿದ ಹಾಗಾಗುತ್ತದೆ. ಒಮ್ಮೆ ಜಾರಿದರೆ ಆ ಭಾರವೇ ಬಾಲವನ್ನು ಎಳೆದೊಯ್ಯುತ್ತದೆ. ನನಗೆ ಅದು ಹಿಡಿಸುವುದಿಲ್ಲ. ಪಟ್ಟಾಗೂ ಡಿಫರೆನ್ಷಿಯಲಿಗೂ ನಡುವೆ ಅರ್ಧ ಇಂಚಿನದೋ ಒಂದು ಇಂಚಿನದೋ ಬ್ಲಾಕ್ ಕೊಟ್ಟು, ಉದ್ದದ ಸ್ಟಡ್ ಹಾಕಿ ತಗ್ಗಿಸುವುದು ವಾಸಿ. ಅದಕ್ಕಿಂತ ವಾಸಿ ಮಾರ್ಕ್ 4ರ ಪಟ್ಟಾ. ನಿನ್ನ ಪಟ್ಟಾದಲ್ಲಿ ಎಲ್ಲ ಎಲೆಗಳನ್ನೂ ನಡುವೆ ಬಿಗಿದು ಡಿಫರೆನ್ಷಿಯಲ್ ಮೇಲೆ ಕೂರಿಸಿದ್ದಾರೆ. ಮಾರ್ಕ್ 4ರಲ್ಲಿ ಒಂದೇ ಎಲೆ ಬಿಗಿ, ಉಳಿದವು ನಡುವಿನ ಪಿನ್ನಿನ ಮೇಲೆ ತೂಗಾಡುತ್ತವೆ. ಕಾರು ಒಂದು ಬದಿಗೆ ವಾಲಿದಾಗ ಆ ಪಟ್ಟಾ ಎದುರು ನಿಲ್ಲುವುದಿಲ್ಲ, ಅದಕ್ಕೇ ಹಿಂದಿನ ಚಕ್ರವನ್ನು ಎತ್ತಿ ಮಡಚುವ ಚಟ ಬಹುಪಾಲು ಬಿಡುತ್ತದೆ. ಆದರೆ ಅದನ್ನು ಹಾಕಿದರೆ ಕಾರು ವಾಲುವುದನ್ನು ತಡೆಯುವ ಮುಂದಿನ ಆ್ಯಂಟಿ-ರೋಲ್ ಬಾರನ್ನೂ ಮಾರ್ಕ್ 4ರ ದಪ್ಪದ್ದಕ್ಕೆ ಬದಲಾಯಿಸಬೇಕು, ಇಲ್ಲದಿದ್ದರೆ ಕಾರು ತೊನೆದಾಡುತ್ತದೆ. ಎಷ್ಟೋ ಜನ ಪಟ್ಟಾ ಹಾಕಿಸಿ ಬಾರ್ ಮರೆಯುತ್ತಾರೆ. ಇಷ್ಟಕ್ಕೆಲ್ಲ ನಿಮ್ಮಲ್ಲಿ ಎಷ್ಟು ಖರ್ಚೋ, ನಾನಿಲ್ಲಿ ಕೂತು ಹೇಳುವುದು ಸುಲಭ. ಒಟ್ಟಿಗೆ ಆಗದಿದ್ದರೆ ಮೊದಲು ದಾರ ಕಟ್ಟಿ ಅಳೆ, ಅದಕ್ಕೆ ದುಡ್ಡಿಲ್ಲ.

ನೀನೇ ಬಿಚ್ಚಲು ಹೋಗುವೆಯೇನೋ ಅಂತ ಇದನ್ನೂ ಬರೆಯುತ್ತೇನೆ. ಕಾರು ಜಾಕಿಯ ಮೇಲಿರುವಾಗ ಹಿಂದಿನ ಶಾಕ್ ಅಬ್ಸಾರ್ಬರ್ ಬೋಲ್ಟನ್ನು ಸುಮ್ಮನೆ ಬಿಚ್ಚಬೇಡ. ಚಕ್ರ ಕೆಳಕ್ಕೆ ಜಾರದಂತೆ ತಡೆಯುವುದೇ ಆ ಶಾಕ್. ಬಿಚ್ಚಿದರೆ ಪಟ್ಟಾ ಚಕ್ರವನ್ನು ಕೆಳಗೆ ತಳ್ಳುತ್ತದೆ, ಕೈ ಅಡ್ಡ ಇದ್ದರೆ ಕೈ ಹೋಗುತ್ತದೆ. ಇನ್ನೊಂದು ಜಾಕಿಯನ್ನು ಚಕ್ರದ ಒಳಗಡೆಯ ನಿಲುವು ಲಿಂಕಿನ ಅಡಿ ಕೊಟ್ಟು ಭಾರ ಹಿಡಿಸಿ, ಆಮೇಲೆ ಬಿಚ್ಚು. ಅಲ್ಲೇ ಮುಂದಕ್ಕೆ ಹೋಗುವ ಒಂದು ರೇಡಿಯಸ್ ರಾಡ್ ಇದೆ, ಅದರ ಬ್ರಾಕೆಟ್ಟಿಗೂ ಬಾಡಿಗೂ ನಡುವೆ ತೆಳು ತಗಡಿನ ಶಿಮ್ ಇರುತ್ತವೆ. ಎಷ್ಟಿದ್ದವೋ ಅಷ್ಟೇ ವಾಪಸ್ ಹೋಗಬೇಕು, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಅವುಗಳಿಂದಲೇ ಹಿಂದಿನ ಚಕ್ರ ನೇರ ನೋಡುವುದು. ಆ ರಾಡಿನ ರಬ್ಬರ್ ಬುಷ್ ಹರಿದಿದ್ದರೂ ಕಾಲು ಎತ್ತಿದಾಗ ಹಿಂದಿನ ಚಕ್ರ ತಾನೇ ಸ್ಟೇರಿಂಗ್ ಮಾಡಿದ ಹಾಗೆ ಬಾಲ ಅಲುಗುತ್ತದೆ. ಆವತ್ತು ಇದೂ ಸೇರಿಕೊಂಡಿತ್ತೋ ಏನೋ. ಕಬ್ಬಿಣದ ಸಣ್ಣ ಬಾರ್ ಕೊಟ್ಟು ಮೀಟಿ ನೋಡಿದರೆ ತಿಳಿಯುತ್ತದೆ.

ರಸ್ತೆ ಒಣಗಿತ್ತು ಅಂತ ಬರೆದಿದ್ದೀಯ, ಒಣಗಿದ್ದರೂ ಹೀಗಾಯಿತಲ್ಲ ಅಂತ ನಿನಗೆ ಹೆಚ್ಚು ದಿಗಿಲು. ಈ ಆಕ್ಸಲಿಗೆ ಒಣ ರಸ್ತೆಯೇ ಹೆಚ್ಚು ತಾಪತ್ರಯ. ಹಿಡಿತ ಜಾಸ್ತಿಯಿದ್ದಷ್ಟೂ ಎತ್ತುವ ಬಲವೂ ಜಾಸ್ತಿ. ಮಳೆಯಲ್ಲಿ ಏಳುವ ಮೊದಲೇ ಜಾರುತ್ತದೆ, ಅದಕ್ಕೆ ಬೇರೆ ಎಚ್ಚರ ಬೇಕು. ಟಯರಿನ ಪಕ್ಕದಲ್ಲಿ ಕೊನೆಗೆ ನಾಲ್ಕು ಅಂಕಿ ಇರುತ್ತವೆ, ನೋಡು. 2312 ಅಂತಿದ್ದರೆ 2012ರ 23ನೇ ವಾರ ಮಾಡಿದ್ದು. ಇಂಥ ಕಾರುಗಳು ವರ್ಷಕ್ಕೆ ಓಡುವುದು ಕಡಿಮೆ, ಟಯರಿನ ಮೇಲಿನ ಗುಂಡಿ ಗೆರೆ ಸವೆದಿರುವುದಿಲ್ಲ, ರಬ್ಬರು ಮಾತ್ರ ಕಲ್ಲಾಗಿರುತ್ತದೆ. ಹತ್ತು ವರ್ಷ ದಾಟಿದ್ದರೆ ನಾಲ್ಕನ್ನೂ ತೆಗೆಸು. ಹಿಂದೆ ಒಂದು ಜಾತಿ, ಮುಂದೆ ಒಂದು ಜಾತಿ ಬೇಡ. ಗಾಳಿ ಮುಂದಕ್ಕಿಂತ ಹಿಂದಕ್ಕೆ ಹೆಚ್ಚು ಇರಬೇಕು, ಎಷ್ಟೆಂದು ಕಾರಿನ ಕೈಪಿಡಿಯಲ್ಲಿದೆ. ಬಂಕಿನ ಹುಡುಗರು ನಾಲ್ಕಕ್ಕೂ ಸಮ ತುಂಬಿಸಿಬಿಡುತ್ತಾರೆ, ಪಕ್ಕದಲ್ಲಿ ನಿಂತು ಹಾಕಿಸು.

ಓಡಿಸುವ ರೀತಿ ಒಂದೇ. ತಿರುವು ಕಾಣುವಾಗಲೇ, ಸ್ಟೇರಿಂಗ್ ನೆಟ್ಟಗಿರುವಾಗಲೇ ಬ್ರೇಕ್ ಮುಗಿಸು, ಗೇರು ಇಳಿಸು. ಬೇಕಾದ್ದಕ್ಕಿಂತ ಸ್ವಲ್ಪ ನಿಧಾನವಾಗಿಯೇ ಒಳಗೆ ಹೋಗು. ತಿರುಗಲು ಶುರುಮಾಡಿದ ಮೇಲೆ ಎಕ್ಸಲರೇಟರ್ ತುಸು ಒತ್ತಿಯೇ ಇರಲಿ, ಕಾರು ಎಳೆದುಕೊಂಡು ಹೋಗುವಷ್ಟು. ಆಗ ಹಿಂಭಾಗ ಕೂತಿರುತ್ತದೆ. ಒಳಗೆ ಹೋದ ಮೇಲೆ ಸ್ಪೀಡು ಹೆಚ್ಚಾಯಿತು ಅನ್ನಿಸಿದರೆ ಕಾಲನ್ನು ಪೂರ್ತಿ ತೆಗೆಯದೆ ಎಳ್ಳಷ್ಟು ಎಳ್ಳಷ್ಟೇ ಸಡಿಲಿಸು. ಬಾಲ ಹೊರಟೇಬಿಟ್ಟರೆ ಅದು ಹೋಗುವ ಕಡೆಗೇ ಸ್ಟೇರಿಂಗ್ ತಿರುಗಿಸು. ಇದನ್ನು ಗುಡ್ಡದಲ್ಲಿ ಕಲಿಯಬೇಡ, ಖಾಲಿ ಬಯಲು ಸಿಕ್ಕುವ ಕಡೆ ಹಳೇ ಕಾರು ಓಡಿಸಿ ಗೊತ್ತಿರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿ. ಕಾಗದದಲ್ಲಿ ಬರೆದದ್ದು ಕಾಲಿಗೆ ಇಳಿಯುವುದು ಹಾಗೇ.

ಮಾರಲಾ ಅಂತ ಕೇಳಿದ್ದೀಯ. ನನಗೆ ಮಾರು ಅನ್ನಲು ಬಾಯಿ ಬರುವುದಿಲ್ಲ. ಈ ಕಾರು ಹುಟ್ಟಿದ್ದೇ ಕಷ್ಟದಲ್ಲಿ. ಇದನ್ನು ಮಾಡಿದ ಕವೆಂಟ್ರಿಯ ಟ್ರಯಂಫ್ ಕಂಪನಿಗೆ ದುಡ್ಡಿಲ್ಲ, 1961ರಲ್ಲಿ ಲೇಲ್ಯಾಂಡಿನವರು ಕೊಂಡುಕೊಂಡರು. ಇಟಲಿಯ ಕಾರು ವಿನ್ಯಾಸಗಾರ ಮಿಕೆಲೊಟ್ಟಿ ಹೆರಾಲ್ಡಿನ ಸಾಮಾನಿನ ಮೇಲೆ ಬರೆದುಕೊಟ್ಟಿದ್ದ ಮಾದರಿ ಕಾರು ಕಾರ್ಖಾನೆಯ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿತ್ತು. ಹೊಸಬರು ಅದನ್ನು ಕಂಡು ‘ಮಾಡಿ’ ಅಂದರು. 1962ರ ಅಕ್ಟೋಬರಿನಲ್ಲಿ ಲಂಡನ್ ಮೋಟಾರ್ ಪ್ರದರ್ಶನಕ್ಕೆ ಬಂತು. 1147 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬ್ಯುರೇಟರ್, ಮುಂದೆ ಡಿಸ್ಕ್ ಬ್ರೇಕು. ಎದುರಾಳಿ ಸ್ಪ್ರೈಟ್ ಕಾರಿಗೆ ಆಗ ಬಾಗಿಲಿಗೆ ಸಿಕ್ಕಿಸುವ ಪರದೆ, ಇದಕ್ಕೆ ತಿರುಗಿಸಿ ಏರಿಸುವ ಗಾಜು. ಸಂಬಳದ ಮೇಲೆ ಬದುಕುವ ಹುಡುಗ ಹುಡುಗಿಯರು ಕೊಂಡರು. 1965ರಲ್ಲಿ ಫ್ರಾನ್ಸಿನ ಲ ಮಾನ್‌ನ 24 ಗಂಟೆಯ ರೇಸಿನಲ್ಲಿ ತನ್ನ ವರ್ಗದಲ್ಲಿ ಮೊದಲನೆಯದಾಗಿ, ಒಟ್ಟಾರೆ 13ನೆಯದಾಗಿ ಮುಗಿಸಿತು. ಆಮೇಲೆ ತುಕ್ಕು ಹಿಡಿದು ಬೆಲೆ ಬಿದ್ದು, ಎರಡನೇ ಕೈ, ಮೂರನೇ ಕೈ ಆದಾಗ ಕೊಂಡವರೇ ಇದನ್ನು ಹೆಚ್ಚು ಪ್ರೀತಿಸಿದವರು ಅನ್ನುವುದು ನನ್ನ ಅಭಿಪ್ರಾಯ. ಬಾನೆಟ್ ಮಗುಚಿದರೆ ಮುಂದಿನ ಟಯರಿನ ಮೇಲೇ ಕೂತು ಎಂಜಿನ್ ಕೆಲಸ ಮಾಡಬಹುದು. ಮೆಕ್ಯಾನಿಕ್ಕಿಗೆ ಕೊಡಲು ದುಡ್ಡಿಲ್ಲದವನು ಅಲ್ಲಿ ಕೂತು ತಾನೇ ಕಲಿತ. ಕೈಯಾರೆ ಬಿಚ್ಚಿ ಕೂರಿಸಿದ ಗಾಡಿಯನ್ನು ಸುಲಭವಾಗಿ ಯಾರೂ ಕೊಟ್ಟುಬಿಡುವುದಿಲ್ಲ.

ನಮ್ಮಲ್ಲಿ ಆ ಭಾಗ್ಯ ಇರಲಿಲ್ಲ. ಹೊರಗಿನ ಕಾರು ತರಿಸಲು ಪರವಾನಗಿಯ ಕಾಟ. ಸ್ಪೋರ್ಟ್ಸ್ ಕಾರೆಂದರೆ ತೋಟದ ದೊರೆಗಳು, ಅರಸು ಮನೆತನದವರು ಬಿಟ್ಟುಹೋದ ಒಂದೆರಡು ಎಂಜಿ ಕಾರು. ಆಸೆ ಇದ್ದವರು ಫಿಯೆಟ್ 1100ನ್ನೋ ಹೆರಾಲ್ಡನ್ನೋ ಹಿಡಿದು, ಹೆಡ್ ಉಜ್ಜಿಸಿ ಕಂಪ್ರೆಷನ್ ಏರಿಸಿ, ಕಾರ್ಬ್ಯುರೇಟರ್ ಎರಡು ಮಾಡಿ, ಮದ್ರಾಸಿನ ಹತ್ತಿರ ಶೋಲಾವರಂನ ಹಳೇ ವಿಮಾನದ ಓಟದಾರಿಗೆ ರೇಸಿಗೆಂದು ಒಯ್ಯುತ್ತಿದ್ದರು. ನಾನು ಕಂಡ ಆ ಹೆರಾಲ್ಡುಗಳೆಲ್ಲ ಎಂಬತ್ತರ ದಶಕದಲ್ಲಿ ಮಾರುತಿ ಬಂದ ಮೇಲೆ ಗುಜರಿಗೆ ಹೋದವು, ತೂಕಕ್ಕೆ. ಒಂದಾದರೂ ಉಳಿಯಬೇಕಿತ್ತು ಅನ್ನುವ ಕೊರಗು ನನಗೆ ಈಗಲೂ ಇದೆ. ನೀನು ಆ ಕುಲದ ಕಾರನ್ನೇ ಆರಿಸಿಕೊಂಡೆ ಅಂತ ಓದಿದಾಗ ಎಷ್ಟು ಹಿಗ್ಗಾಯಿತೋ, ಆ ಕೊನೆಯ ಸಾಲಿಗೆ ಬಂದಾಗ ಅಷ್ಟೇ ಹೆದರಿಕೆಯಾಯಿತು.

ಮುಂದಿನ ಚಕ್ರದ್ದು ಒಂದು ಬಾಕಿ, ಇದು ಹಿಂದಿನದಕ್ಕಿಂತ ಕಡಿಮೆಯದಲ್ಲ. ಮುಂದಿನ ನಿಲುವು ಲಿಂಕಿನ ಕೆಳತುದಿ ಸ್ಕ್ರೂವಿನಂತೆ ಥ್ರೆಡ್ ಆಗಿ ಟ್ರನಿಯನ್ನಿನೊಳಗೆ ಕೂತಿರುತ್ತದೆ, ಸ್ಟೇರಿಂಗ್ ತಿರುಗಿಸಿದಾಗ ಆ ಥ್ರೆಡ್ಡೇ ತಿರುಗುವುದು. ಅದಕ್ಕೆ ಗ್ರೀಸ್ ಅಲ್ಲ, ಇಪಿ 90 ಗೇರ್ ಆಯಿಲ್. ಗ್ರೀಸು ಥ್ರೆಡ್ಡಿನ ಸಂದಿಗೆಲ್ಲ ಹರಿಯದೆ ಗಟ್ಟಿಯಾಗಿ ಕೂರುತ್ತದೆ, ಮೇಲಿನಿಂದ ನೀರು ಇಳಿದು ಉಕ್ಕು ತುಕ್ಕು ತಿಂದು ಒಂದು ದಿನ ಥ್ರೆಡ್ ಶುರುವಾಗುವ ಜಾಗದಲ್ಲೇ ತುಂಡಾಗುತ್ತದೆ. ಆಗ ಮುಂದಿನ ಚಕ್ರ ಕಳಚಿ ಮಡ್‌ಗಾರ್ಡಿನೊಳಗೆ ಬೀಳುತ್ತದೆ. ಟ್ರನಿಯನ್ನಿನ ಪ್ಲಗ್ ಬಿಚ್ಚಿ ನಿಪ್ಪಲ್ ಹಾಕಿ, ಗ್ರೀಸ್ ಗನ್ನಿಗೆ ಆಯಿಲ್ ತುಂಬಿ, ಮೇಲಿನ ಸೀಲಿನಿಂದ ಹೊಸ ಆಯಿಲ್ ಒಸರುವ ತನಕ ಒತ್ತು. ವರ್ಷಕ್ಕೆ ಎರಡು ಸಲವಾದರೂ ಮಾಡು, ನಿಮ್ಮಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರಂತಲ್ಲ, ಅದಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ. ಸ್ಟೇರಿಂಗ್ ಭಾರ ಅನ್ನಿಸಿದರೆ, ಕಿರ್ರೆಂದರೆ ಬಿಚ್ಚಿಸಿ ನೋಡಿಸು. ಎಡಬಲದ್ದು ಬೇರೆ ಬೇರೆ, ಅದಲುಬದಲಾಗಬಾರದು.

ಅದೇ ಉಪ್ಪು ಬಾಗಿಲ ಕೆಳಗಿನ ಸಿಲ್‌ಗಳನ್ನೂ ತಿನ್ನುತ್ತದೆ. ಹೆರಾಲ್ಡಿಗೆ ಅದು ಬರೀ ಅಂಚು, ಸ್ಪಿಟ್‌ಫೈರಿಗೆ ಅದರ ಮೇಲೆ ಭಾರವಿದೆ. ಜಾಕಿ ಏರಿಸಿದಾಗ ಬಾಗಿಲಿನ ಸಂದು ಬಿಗಿಯಾದರೆ ಸಿಲ್ ಹೋಗಿದೆ ಅಂತ. ಎಂಜಿನ್ನಿನದು ಸದ್ಯಕ್ಕೆ ಒಂದೇ ನೋಡು. ಒಬ್ಬರು ಕ್ಲಚ್ ತುಳಿಯಲಿ, ಮುಂದಿನ ಕ್ರ್ಯಾಂಕ್ ಪುಲ್ಲಿ ಹಿಂದೆ ಮುಂದೆ ಸರಿಯುವುದು ಕಣ್ಣಿಗೆ ಕಾಣುವಷ್ಟಿದ್ದರೆ ಅದು ಸರಿಯದಂತೆ ತಡೆಯುವ ಥ್ರಸ್ಟ್ ವಾಷರ್ ಸವೆದಿದೆ. ಇರಬೇಕಾದ್ದು 0.1ರಿಂದ 0.2 ಮಿಲಿಮೀಟರ್ ಅಷ್ಟೇ. ಆ ವಾಷರ್ ಉದುರಿಹೋದರೆ ಎಂಜಿನ್ ಬ್ಲಾಕೇ ಹಾಳು.

ನಿಮ್ಮಲ್ಲಿ 2018ರ ಮೇ ತಿಂಗಳಿಂದ 40 ವರ್ಷ ದಾಟಿದ ಕಾರಿಗೆ ವರ್ಷದ ಪರೀಕ್ಷೆ ಕಡ್ಡಾಯವಲ್ಲ. ಕಡ್ಡಾಯವಲ್ಲದಿದ್ದರೂ ಮಾಡಿಸು. ಹಳೇ ಕಾರಿನ ಅಡಿಗೆ ದೀಪ ಹಿಡಿದು ನೋಡುವ ಇನ್ನೊಂದು ಜೊತೆ ಕಣ್ಣು ಬೇಕೇ ಬೇಕು. ಅಲ್ಲಿಯವರಿಗೆ ನಾನು ಹೇಳಿಕೊಡುವುದು ಅಧಿಕಪ್ರಸಂಗ ಅನ್ನಿಸಬಹುದು, ಆದರೂ ಹೊಸ ಪಟ್ಟಾ ಹಾಕಿದ ವಿಷಯವನ್ನೂ ತಿರುವಿನಲ್ಲಿ ಆದದ್ದನ್ನೂ ಬಾಯಿಬಿಟ್ಟು ಹೇಳು. ಹೇಳದಿದ್ದರೆ ಅವರು ಬ್ರೇಕು, ಲೈಟು ನೋಡಿ ಕಳಿಸುತ್ತಾರೆ.

ಮುಂದಿನ ಭಾನುವಾರದೊಳಗೆ ದಾರದ ಅಳತೆ ಎರಡೂ ಚಕ್ರದ್ದು ಬರೆದು ಕಳಿಸು. ಕಾರಿನ ಹಿಂದೆ ನೆಲದ ಮಟ್ಟಕ್ಕೆ ಕೂತು ಒಂದು ಫೋಟೋ ತೆಗೆದು ಕಳಿಸು, ಒಳಗೆ ಇಬ್ಬರು ಕೂತಿರಲಿ. ಟಯರಿನ ಅಂಕಿ ನಾಲ್ಕೂ ಬೇಕು. ಅವನ್ನು ನೋಡಿ ಬ್ಲಾಕ್ ಸಾಕೋ ಪಟ್ಟಾ ಬೇಕೋ ಬರೆಯುತ್ತೇನೆ. ಅಲ್ಲಿಯ ತನಕ ಆ ಗುಡ್ಡದ ರಸ್ತೆ ಬೇಡ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಮಾವ